ದಾನದ ಕಣ್ಣು ಉಳಿಸೋದು ಹನಿ ಔಷಧಿ

2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಅನ್ನೋ ಸುದ್ದಿ ಓದುವಾಗ ನನ್ನ ಗಂಟಲು ಕಟ್ಟಿತ್ತು. ಬೆನ್ನಲ್ಲೇ ಇನ್ನೊಂದು ಸುದ್ದಿ ಬಂತು. ಅಪ್ಪು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ! ಎರಡು ಕಣ್ಣು, ನಾಲ್ಕು ಜನ ಹೇಗೆ? ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ನಾರಾಯಣ ನೇತ್ರಾಲಯದ ವೈದ್ಯರು ಅದನ್ನೂ ಮುಂಪದರ, ಹಿಂಪದರ ಅಂತ ಬಿಡಿಸಿ ಕಸಿ ಮಾಡಿದ್ದರು.

ಮೊನ್ನೆ ವೀಕ್ಷಕರೊಬ್ಬರು ಫೋನ್ ಮಾಡಿದ್ರು. "ಸರ್, ನಮ್ಮ ತಾಯಿಗೆ ಕಾರ್ನಿಯಾ ಕಸಿ ಆಗಿದೆ. ಆಕ್ಸಿಜನ್ ಚೇಂಬರ್‌ನಲ್ಲಿ ಕೂತ್ರೆ ದೇಹ ಅದನ್ನ ತಿರಸ್ಕರಿಸಲ್ವಂತೆ, ಹೌದಾ?"

ನೋಡಿ, ನಮ್ಮ ರೋಗನಿರೋಧಕ ಶಕ್ತಿ ಊರಿನ ಪೊಲೀಸ್ ಇದ್ದ ಹಾಗೆ. ಹೊರಗಿನವರು ಬಂದ್ರೆ ಹಿಡಿಯುತ್ತೆ. ಆದರೆ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅದು ಹೆಚ್ಚಿನ ಆಕ್ಸಿಜನ್ ಪಡೆಯೋದು ಗಾಳಿಯಿಂದ. ರಸ್ತೆಯೇ ಇಲ್ಲದ ಊರಿಗೆ ಜೀಪು ಬರೋದು ಕಷ್ಟ. ಅದಕ್ಕೇ 1905ರಲ್ಲಿ, ಇಂದಿನ ಔಷಧಿಗಳು ಯಾವುದೂ ಇಲ್ಲದ ಕಾಲದಲ್ಲಿ, ಎಡ್ವರ್ಡ್ ಜಿರ್ಮ್ ಮಾಡಿದ ಕಸಿ ಗೆದ್ದಿತು. ಆದರೆ ಸುಟ್ಟ ಗಾಯ, ಸೋಂಕು ಆದ ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆಯುತ್ತೆ. ರಸ್ತೆ ಆಯ್ತು, ಪೊಲೀಸ್ ಬಂದ್ರು!

ಆಕ್ಸಿಜನ್ ಕೊರತೆಯೂ ಇಂಥ ರಕ್ತನಾಳಗಳನ್ನ ಕರೆಯುತ್ತೆ. ಹಾಗಾದ್ರೆ ಆಕ್ಸಿಜನ್ ಜಾಸ್ತಿ ಕೊಟ್ರೆ? ಪ್ರಶ್ನೆ ಸರಿಯಾದದ್ದೇ. ಹೈಪರ್‌ಬೇರಿಕ್ ಚೇಂಬರ್‌ನಲ್ಲಿ ಎರಡು-ಮೂರು ಪಟ್ಟು ವಾಯುಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿಸ್ತಾರೆ. ಆಳ ಸಮುದ್ರದ ಮುಳುಗುಗಾರರಿಗೆ, ಕಾರ್ಬನ್ ಮೊನಾಕ್ಸೈಡ್ ವಿಷ ಸೇರಿದವರಿಗೆ, ಸಕ್ಕರೆ ಕಾಯಿಲೆಯವರ ಕೆಲವು ಕಾಲಿನ ಹುಣ್ಣಿಗೆ ಅದು ಬಳಕೆಯಲ್ಲಿದೆ. ಆದರೆ ಕಾರ್ನಿಯಾ ತಿರಸ್ಕಾರ ತಡೆಯೋಕೆ ಅದು ಒಪ್ಪಿತ ಚಿಕಿತ್ಸೆ ಅಲ್ಲ. ಮೇಲಾಗಿ, ಹಲವು ಸಲ ಕೂತರೆ ತಾತ್ಕಾಲಿಕ ಸಮೀಪದೃಷ್ಟಿ ಬರಬಹುದು. ಆಗ ಮಬ್ಬಾಗಿದ್ದು ಚೇಂಬರ್‌ನಿಂದಲೋ, ತಿರಸ್ಕಾರದಿಂದಲೋ? ರೋಗಿಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ನಾನೇ ಕೇಳಿದೆ: "ಅಮ್ಮ ಡ್ರಾಪ್ಸ್ ಹಾಕ್ಕೊಳ್ತಿದಾರಾ?"

"ಕಣ್ಣು ಚೆನ್ನಾಗಿ ಕಾಣ್ತಿದೆ ಅಂತ ನಿಲ್ಸಿದಾರೆ ಸರ್."

ಅಪಾಯ ಇರೋದು ಇಲ್ಲೇ! ಆ ಪೊಲೀಸರನ್ನ ಸುಮ್ಮನಿರಿಸೋದು ಸ್ಟೀರಾಯ್ಡ್ ಹನಿಗಳು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ವೈದ್ಯರು ಹೇಳೋವರೆಗೆ ನಿಲ್ಲಿಸುವ ಹಾಗಿಲ್ಲ. ಕಣ್ಣು ಕೆಂಪಾಯ್ತಾ, ನೋವಾ, ಬೆಳಕು ಚುಚ್ಚುತ್ತಾ, ಮಬ್ಬಾಯ್ತಾ? ಅವತ್ತೇ ಆಸ್ಪತ್ರೆಗೆ ಹೋಗಿ. ಬೇಗ ಹಿಡಿದ್ರೆ ಎಷ್ಟೋ ಸಲ ಕಸಿ ಉಳಿಯುತ್ತೆ.

ಯಾರದೋ ಮನೆಯವರು ಹೆಣದ ಮುಂದೆ ಕೂತು, ಅಳು ನುಂಗಿ, ಸಹಿ ಹಾಕಿ ಕೊಟ್ಟ ಕಣ್ಣದು. ಉದಾಸೀನ ಮಾಡಿ ಕಳ್ಕೋಬೇಡಿ.