ಬೈಕ್ ಹ್ಯಾಂಡಲ್ ಬದಲಿಸುವ ಮುನ್ನ: ಕೈನೋವಿಗೆ ಕಡಿಮೆ ಖರ್ಚಿನ ದಾರಿ

ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯಿಂದ ದಿನಾ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಬರುವ ಯುವಕರು ತುಂಬಾ ಮಂದಿ ಇದ್ದಾರೆ. ಅಂಗಡಿ ಕೆಲಸವಿರಲಿ, ಕಾಲೇಜಿರಲಿ, ಡೆಲಿವರಿ ಇರಲಿ, ಸಂಜೆ ಮನೆ ಮುಟ್ಟುವಾಗ ಅಂಗೈ ಜೋಮು ಹಿಡಿದಿರುತ್ತದೆ, ಭುಜ ಬಿಗಿದಿರುತ್ತದೆ. ಆಗ ಗೆಳೆಯರ ಮೊದಲ ಸಲಹೆ, 'ಹ್ಯಾಂಡಲ್ ಚೇಂಜ್ ಮಾಡು'. ಮಾಡಬಹುದು. ಆದರೆ ಅಳತೆ ನೋಡದೆ, ಬರೀ ಚಂದ ನೋಡಿ ತಂದರೆ ಹಣವೂ ಹೋಗುತ್ತದೆ, ನೋವೂ ಉಳಿಯುತ್ತದೆ.

ಮೊದಲು ಖರ್ಚಿಲ್ಲದ ಕೆಲಸ

ಸ್ಪ್ಲೆಂಡರ್, ಪ್ಲಾಟಿನಾದಂಥ ಒಂದೇ ಪೈಪಿನ ಹ್ಯಾಂಡಲ್ ಇರುವ ಬೈಕಿನಲ್ಲಿ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ತುಸು ಹಿಂದಕ್ಕೋ ಮುಂದಕ್ಕೋ ತಿರುಗಿಸಬಹುದು. ಬ್ರೇಕ್, ಕ್ಲಚ್ ಲಿವರ್‌ಗಳು ಮುಂಗೈಯ ನೇರಕ್ಕೆ ಇರಲಿ. ಮಣಿಕಟ್ಟು ಮೇಲಕ್ಕೆ ಮಡಿಸಿ ಹಿಡಿಯುವ ಹಾಗಿದ್ದರೆ ನೋವು ಖಂಡಿತ. ಗಟ್ಟಿಯಾದ ಹಳೆ ಕ್ಲಚ್ ಕೇಬಲ್, ಸವೆದ ಗ್ರಿಪ್ ಕೂಡ ಕೈನೋವಿಗೆ ಕಾರಣ. ಎಷ್ಟೋ ಸಲ ಇಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ.

ಅಳತೆ ಹೇಗೆ?

ಸೆಂಟರ್ ಸ್ಟ್ಯಾಂಡ್ ಹಾಕಿ ಸೀಟಿನಲ್ಲಿ ಆರಾಮವಾಗಿ ಕೂತು, ಕಣ್ಣು ಮುಚ್ಚಿ, ಮೊಣಕೈ ಸ್ವಲ್ಪ ಬಾಗಿಸಿ ಕೈ ಮುಂದೆ ಚಾಚಬೇಕು. ಕೈ ನಿಂತ ಜಾಗಕ್ಕೂ ಗ್ರಿಪ್‌ಗೂ ಎಷ್ಟು ಅಂತರ ಎಂದು ಇನ್ನೊಬ್ಬರು ಟೇಪಿನಲ್ಲಿ ಅಳೆಯಲಿ. ಬೇಕಾದದ್ದು ಎತ್ತರವೋ, ಹಿಂದಕ್ಕೆ ಬಾಗುವಿಕೆಯೋ, ಅಗಲವೋ ಎಂಬುದು ಆಗ ತಿಳಿಯುತ್ತದೆ. ತೀರಾ ಎತ್ತರದ ಹ್ಯಾಂಡಲ್ ಹಾಕಿದರೆ ಹೈವೇಯಲ್ಲಿ ಎದೆಗೆ ಗಾಳಿ ಹೊಡೆಯುತ್ತದೆ, ಬೆನ್ನು ನೆಟ್ಟಗಾಗಿ ಗುಂಡಿಯ ಏಟು ನೇರ ಸೊಂಟಕ್ಕೆ ಬೀಳುತ್ತದೆ.

ಸಾಮಾನ್ಯ ಬೈಕ್‌ಗಳ ಹ್ಯಾಂಡಲ್ ಪೈಪಿನ ದಪ್ಪ 22 ಮಿ.ಮೀ. ಕೆಲವು ದುಬಾರಿ ಬೈಕ್‌ಗಳಲ್ಲಿ ಮಧ್ಯಭಾಗ 28.6 ಮಿ.ಮೀ. ಇರುತ್ತದೆ. ಆದ್ದರಿಂದ ಹಳೆಯದನ್ನು ಅಳೆದೇ ಅಂಗಡಿಗೆ ಹೋಗಬೇಕು. ಯಮಹಾ ಆರ್15ರಂತೆ ಎರಡು ತುಂಡಿನ ಕ್ಲಿಪ್-ಆನ್ ಇದ್ದರೆ ಬದಲಾವಣೆ ಸುಲಭವಲ್ಲ, ಖರ್ಚೂ ಜಾಸ್ತಿ.

ಬಜೆಟ್ ತಪ್ಪುವುದು ಎಲ್ಲಿ?

ಸಾದಾ ಉಕ್ಕಿನ ಹ್ಯಾಂಡಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಖರ್ಚು ಏರುವುದು ಅದರ ಹಿಂದೆ ಬರುವ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಡಿಸ್ಕ್ ಬ್ರೇಕ್ ಹೋಸ್, ಮಜೂರಿಯಿಂದ. ಹ್ಯಾಂಡಲ್ ಎತ್ತರವಾದಷ್ಟೂ ಇವು ಗಿಡ್ಡವಾಗುತ್ತವೆ. ಹಾಗಾಗಿ ಈಗಿರುವ ಕೇಬಲ್‌ಗಳೇ ಸಾಲುವಷ್ಟು ಸಣ್ಣ ಬದಲಾವಣೆ ಲಾಭದಾಯಕ. ಗುಜರಿಯ ಬಾಗಿದ, ಬೆಸುಗೆ ಹಾಕಿದ, ನೆಟ್ಟಗೆ ಮಾಡಿದ ಹ್ಯಾಂಡಲ್ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಅದು ಓಡಿಸುವಾಗಲೇ ಮುರಿಯಬಹುದು.

ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು. ಟ್ಯಾಂಕಿಗೆ ತಾಗಬಾರದು, ಬ್ರೇಕ್ ಹೋಸ್ ಎಳೆಯಬಾರದು. ಎಂಜಿನ್ ಚಾಲೂ ಇಟ್ಟು ತಿರುಗಿಸಿದಾಗ ರೇಸ್ ಏರಿದರೆ ಕೇಬಲ್ ಬಿಗಿಯಾಗಿದೆ ಎಂದೇ ಅರ್ಥ. ಅದನ್ನು ಸರಿಪಡಿಸದೆ ರಸ್ತೆಗೆ ಇಳಿಯಬಾರದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಬರಬೇಕು. ಸ್ವಿಚ್ ಬಾಕ್ಸಿನ ಒಳಗಿನ ಸಣ್ಣ ಪಿನ್ನನ್ನು ಕತ್ತರಿಸಲು ಬಿಡಬಾರದು. ಅದು ಇಲ್ಲದಿದ್ದರೆ ಬಾಕ್ಸ್ ಹ್ಯಾಂಡಲ್ ಮೇಲೆ ಜಾರುತ್ತದೆ.

ಕಾನೂನು ಮರೆಯಬೇಡಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಕಂಪೆನಿ ಆ ಮಾಡೆಲ್‌ಗೆ ಕೊಡುವ ಬಿಡಿಭಾಗವೇ ಕ್ಷೇಮ. ಸಂಶಯವಿದ್ದರೆ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಹಳೆಯ ಹ್ಯಾಂಡಲನ್ನು ಗುಜರಿಗೆ ಹಾಕದೆ ಮನೆಯಲ್ಲಿಟ್ಟರೆ, ಬೈಕ್ ಮಾರುವಾಗಲೋ ಹೊಸದು ಹಿಡಿಸದಿದ್ದಾಗಲೋ ಅದೇ ಉಪಯೋಗಕ್ಕೆ ಬರುತ್ತದೆ.