ಸೀತನಿ ಯಾರಿಗೂ ಕಾಯುವುದಿಲ್ಲ



ಕಾಯಕದ ಮಹಿಮೆಯನ್ನು ನಮ್ಮ ನಾಡಿನ ಜನರಿಗೆ ಹೊಸದಾಗಿ ಹೇಳಬೇಕಾದ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ದೋಣಿ ನಡೆಸುವ ಚೌಡಯ್ಯ, ಇವರೆಲ್ಲ ದುಡಿದು ಉಂಡವರು, ಉಣಿಸಿದವರು. ಮೈಗಳ್ಳನಿಗೆ ಶರಣರ ಅಂಗಳದಲ್ಲಿ ಮರ್ಯಾದೆ ಇರಲಿಲ್ಲ. ಇದೆಲ್ಲ ಸತ್ಯವೇ. ಆದರೆ ಈಚೆಗೆ ಬಿಡುವಿಲ್ಲದ ಓಡಾಟಕ್ಕೇ ಕಾಯಕವೆಂಬ ಹೆಸರು ಬಂದಿದೆ. ಗಳಿಗೆ ಹೊತ್ತು ಬದುವಿನ ಮೇಲೆ ಕುಳಿತವನನ್ನು ಸೋಮಾರಿ ಎನ್ನುವ ರೂಢಿ ಪಟ್ಟಣದಿಂದ ಹಳ್ಳಿಗೂ ಇಳಿದಿದೆ.

ಹೀಗೆ ಹೇಳುವವರು ಆಯ್ದಕ್ಕಿ ಮಾರಯ್ಯನ ಹೆಸರನ್ನು ಮುಂದೆ ಮಾಡುತ್ತಾರೆ. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಮರೆಯಬೇಕೆಂದು ಸಾರಿದ ಶರಣನಾತ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು. ಆತನ ಮಾತನ್ನು ಅಲ್ಲಗಳೆಯಲು ನಾವು ಯಾರು? ಆದರೆ ಅದೇ ಮನೆಯಲ್ಲಿ ಲಕ್ಕಮ್ಮ ಎಂಬ ತಾಯಿಯೂ ಇದ್ದಳಲ್ಲ! ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ನಮ್ಮ ಕಾಲದ ಮನೆಯಾಗಿದ್ದರೆ ಏನಾಗುತ್ತಿತ್ತು? ಭಲೇ ಎಂದು ಬೆನ್ನು ತಟ್ಟಿ, ನಾಳೆ ಇನ್ನಷ್ಟು ತಾ ಎನ್ನುತ್ತಿದ್ದರು. ಲಕ್ಕಮ್ಮ ಮಾತ್ರ ಆ ಹೆಚ್ಚಿನ ಅಕ್ಕಿಯಲ್ಲಿ ಆಸೆಯ ವಾಸನೆ ಕಂಡಳು. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಮಾರಯ್ಯನನ್ನು ನೆನೆಯುವವರು ಲಕ್ಕಮ್ಮನನ್ನು ಬಿಟ್ಟು ನೆನೆದರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ. ದುಡಿಮೆಗೆ ಇಷ್ಟು ಸಾಕು ಎಂಬ ಗೆರೆಯೊಂದು ಇದೆ. ಆ ಗೆರೆಯ ಈಚೆಗೆ ಕಾಯಕ, ಆಚೆಗೆ ಆಸೆ.

ರೈತನ ಬಾಳಿನಲ್ಲಿ ಈ ಗೆರೆಯನ್ನು ಋತುವೇ ಎಳೆದುಕೊಟ್ಟಿದೆ. ನಮ್ಮ ಎರೆ ಭೂಮಿಯ ಹಿಂಗಾರಿ ಜೋಳವನ್ನೇ ನೋಡಿರಿ. ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ ಬಿತ್ತಿದ ಮಾಲದಂಡಿ ನಾಲ್ಕು ತಿಂಗಳ ಬೆಳೆ. ಬಿತ್ತಿ, ಎಡೆ ಹೊಡೆದು, ಕಸ ತೆಗೆದ ಮೇಲೆ, ಮಾರ್ಗಶಿರ ಮುಗಿಯುವ ಹೊತ್ತಿಗೆ ತೆನೆಯಲ್ಲಿ ಹಾಲು ತುಂಬುತ್ತದೆ. ಆಗ ರೈತ ಮಾಡುವುದೇನೂ ಬಹಳ ಇರುವುದಿಲ್ಲ. ಹಕ್ಕಿ ಕಾಯಬೇಕು, ಇಬ್ಬನಿಯಲ್ಲಿ ಹೊಲ ಸುತ್ತಬೇಕು, ಅಷ್ಟೆ. ಹಾಲುಗಾಳು ಗಟ್ಟಿಯಾಗುವ ಮೊದಲಿನ ಆ ಎಂಟು ಹತ್ತು ದಿನಗಳೇ ಸೀತನಿಯ ಕಾಲ. ಸೀ ಎಂದರೆ ಸಿಹಿ. ಸಿಹಿಯಾದ ತೆನೆಯೇ ಸೀತೆನೆ, ಆಡುಮಾತಿನಲ್ಲಿ ಸೀತನಿ.

ಅದರ ಸುಖವನ್ನು ಹಿರಿಯರಿಗೆ ವಿವರಿಸಬೇಕೆ? ಹೊಲದ ಮೂಲೆಯಲ್ಲಿ ಸಣ್ಣ ಕುಣಿ ತೋಡಿ, ಕುಳ್ಳು ಹಚ್ಚಿ, ಕೆಂಡವಾದ ಮೇಲೆ ಹಸಿ ತೆನೆಗಳನ್ನು ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬಾಯಿಗೆ ಹಾಕಿಕೊಳ್ಳುವುದು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಹೆಂಟೆ ಬೆಲ್ಲ, ಗಟ್ಟಿ ಮೊಸರು. ಅಂಗೈ ಕಪ್ಪಾಗುತ್ತದೆ, ತುಟಿಯೂ ಕಪ್ಪಾಗುತ್ತದೆ. ಆ ದಿನ ಗೌಡನ ತುಟಿಯೂ ಆಳಿನ ತುಟಿಯೂ ಒಂದೇ ಬಣ್ಣ. ಕಾಳು ಬಲಿತಿತೋ, ಒಳಗಿನ ಸಕ್ಕರೆ ಹಿಟ್ಟಾಗಿಬಿಡುತ್ತದೆ. ಆಮೇಲೆ ಅದು ರೊಟ್ಟಿಗೆ ಬೇಕು, ಚೀಲಕ್ಕೆ ಬೇಕು, ಮಾರುಕಟ್ಟೆಗೆ ಬೇಕು, ಸೀತನಿಗೆ ಬಾರದು.

ಇದೇ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬರುತ್ತದೆ. ಬೀದರ, ಕಲಬುರ್ಗಿ, ವಿಜಯಪುರ, ರಾಯಚೂರು ಸೀಮೆಗಳಲ್ಲಿ ಅಂದು ಊರೇ ಹೊಲದಲ್ಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಾಳು ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಅಂಬಲಿ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಮನುಷ್ಯರ ಊಟ. ಬೆಳೆ ಇನ್ನೂ ಮನೆಗೆ ಬಂದಿಲ್ಲ, ಹಣ ಕೈಗೆ ಸೇರಿಲ್ಲ, ಸುಗ್ಗಿಯ ದುಡಿತ ಮುಂದೆಯೇ ಇದೆ ಎಂಬುದನ್ನು ಗಮನಿಸಬೇಕು. ಲಾಭ ನಷ್ಟದ ಲೆಕ್ಕ ತಿಳಿಯುವ ಮೊದಲೇ ಹಿರಿಯರು ಸಂತೋಷಪಡುವ ದಿನವನ್ನು ಇಟ್ಟರು! ಎಲ್ಲ ಕೆಲಸ ಮುಗಿದ ಮೇಲೆ ಸುಖಪಡೋಣ ಎಂದವನಿಗೆ ಆ ದಿನ ಬರುವುದೇ ಇಲ್ಲವೆಂಬುದು ಅವರಿಗೆ ತಿಳಿದಿತ್ತೆಂದು ತೋರುತ್ತದೆ.

ಎತ್ತುಗಳಿಗೂ ಅವರು ಬಿಡುವು ಇಟ್ಟಿದ್ದರು. ನಮ್ಮ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾರಹುಣ್ಣಿಮೆಗೆ ಅವಕ್ಕೆ ಮೈತೊಳೆದು ಕೊಂಬಿಗೆ ಬಣ್ಣ ಬಳಿದು ಮೆರೆಸುತ್ತೇವೆ. 2024ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ರ ಸೋಮವಾರವೇ ಬಂದಿತ್ತು. ಎತ್ತಿಗೂ ಒಡೆಯನಿಗೂ ಒಂದೇ ದಿನ ಬಿಡುವು. ಆದರೆ ಟ್ರ್ಯಾಕ್ಟರಿಗೆ ಸೋಮವಾರ ಎಂಬುದಿಲ್ಲ. ಅದು ದಣಿಯುವುದಿಲ್ಲವಾದ್ದರಿಂದ ಅದರ ಮೇಲೆ ಕುಳಿತವನೂ ದಣಿಯಬಾರದೆಂದು ನಾವು ಭಾವಿಸಿದ್ದೇವೆ. ಯಂತ್ರವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅದು ಉಳಿಸಿಕೊಟ್ಟ ಹೊತ್ತು ಎಲ್ಲಿ ಹೋಯಿತು ಎಂದಷ್ಟೇ ಕೇಳುತ್ತೇವೆ.

ಒಂದು ಮನೆಯ ಮಾತು. ಮಗ ದೊಡ್ಡ ಪಟ್ಟಣದಲ್ಲಿ ನೌಕರ. ತಂದೆ ಫೋನಿನಲ್ಲಿ ಕರೆದರು: "ತಮ್ಮಾ, ಸೀತನಿ ಆಗ್ಯಾವ. ಅಮಾಸಿಗಿ ಹುಡುಗರನ್ನ ಕರಕೊಂಡು ಬಾರಪ್ಪ."

"ರಜಾ ಇಲ್ಲಪ್ಪ, ಭಾಳ ಕೆಲಸ ಅದಾವ. ಬಸ್ಸಿನ್ಯಾಗ ಒಂದು ಪಾರ್ಸಲ್ ಕಳಸಿಬಿಡು."

"ಪಾರ್ಸಲ್ ಕಳಸಿದ್ರ ಕಾಳು ಬರ್ತಾವೋ ತಮ್ಮಾ, ಸೀತನಿ ಬರೂದಿಲ್ಲ."

ಮಗ ಕೆಟ್ಟವನಲ್ಲ. ತಿಂಗಳು ತಿಂಗಳು ಹಣ ಕಳಿಸುತ್ತಾನೆ, ತಾಯಿಯ ಔಷಧಿಗೆ ಕೊರತೆ ಮಾಡಿಲ್ಲ. ಆದರೂ ಆ ಮುದುಕನ ಕಣ್ಣು ಯಾವುದಕ್ಕೆ ಕಾಯುತ್ತಿದೆ ಎಂಬುದು ಇದನ್ನು ಓದುತ್ತಿರುವ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನಿಗೆ ಇನ್ನೆಷ್ಟು ಸೀತನಿ ಉಳಿದಿವೆಯೋ ಶಿವನೇ ಬಲ್ಲ. ವರ್ಷಕ್ಕೊಮ್ಮೆ ಬರುವ ಸುಖವನ್ನು ಆಯುಷ್ಯದಲ್ಲಿ ಎಣಿಸಿ ನೋಡಿದರೆ ಎಪ್ಪತ್ತೋ ಎಂಬತ್ತೋ. ಅದರಲ್ಲಿ ಬುದ್ಧಿ ಬಾರದ ವರ್ಷಗಳನ್ನೂ ಹಲ್ಲು ಹೋದ ವರ್ಷಗಳನ್ನೂ ಕಳೆಯಬೇಕು.

ಸಾಲ ತಲೆಯ ಮೇಲೆ ಇರುವಾಗ ಅಮಾವಾಸ್ಯೆಯೇನು, ಹುಣ್ಣಿಮೆಯೇನು ಎಂದು ಕೆಲವರು ಕೇಳಿಯಾರು. ಆ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ದಿನಗೂಲಿಯ ತಾಯಿಗೆ ಒಂದು ದಿನ ಕುಳಿತರೆ ಒಂದು ದಿನದ ಕೂಲಿ ಹೋಯಿತು. ಬಿಡುವಿನ ಬಗ್ಗೆ ಉಪದೇಶ ಮಾಡುವವರು ಮೊದಲು ತಮ್ಮ ಆಳುಗಳಿಗೆ ಕೂಲಿ ಸಮೇತ ಒಂದು ದಿನ ಬಿಡುವು ಕೊಟ್ಟು ನೋಡಲಿ. ಇನ್ನು ನೀರು ಬಂದ ಕಡೆ ಜೋಳದ ಹೊಲವೇ ಇಲ್ಲದಾಗಿದೆ. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ನೀರು, ಗೊಬ್ಬರ, ಕಟಾವಿನ ಸರದಿ, ಕಾರ್ಖಾನೆಯ ದಾರಿ. ಹಣ ಬರುತ್ತದೆ, ಬರಲಿ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು, ಜೋಳಕ್ಕೂ ಜಗತ್ತಿನ ಮರ್ಯಾದೆ ಸಿಕ್ಕಿತು. ಅದನ್ನು ಬೆಳೆದು ಉಂಡವರ ಮೊಮ್ಮಕ್ಕಳಿಗೆ ಮಾತ್ರ ಹಸಿ ತೆನೆ ಸುಡುವ ವಾಸನೆ ಗೊತ್ತಿಲ್ಲ. ಕಬ್ಬಿನ ನಡುವೆಯೂ ಮನೆಮಂದಿಯ ಸೀತನಿಗೆಂದು ನಾಲ್ಕು ಸಾಲು ಜೋಳ ಬಿಡುವ ರೈತನನ್ನು ನಾವು ಜಾಣನೆಂದೇ ಕರೆಯುತ್ತೇವೆ.

ಸೀತನಿ ಸುಡುವಾಗ ಬದುವಿನ ದಾರಿಯಲ್ಲಿ ಹೋಗುವವನನ್ನು ಕರೆಯದೆ ತಿನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೊಲವಿಲ್ಲದವನಿಗೂ ಅಂದು ಯಾರದೋ ಹೊಲದ ಕುಣಿಯ ಸುತ್ತ ಜಾಗವಿರುತ್ತದೆ. ಹೊಗೆ ಕಂಡ ದನಗಾಹಿ ಹುಡುಗರು ತಾವಾಗಿಯೇ ಬರುತ್ತಾರೆ. ಅವರಿಗೆಂದು ಒಂದು ಹಿಡಿ ತೆನೆ ಮೊದಲೇ ಮುರಿದು ಇಟ್ಟುಕೊಂಡಿರಬೇಕು.