ಇಟಾಲಿಯನ್ ಊಟಕ್ಕೆ ಹೊರಟಿರಾ? ಮೊದಲು ಒಂದು ಫೋನ್ ಮಾಡಿ!

ಡಿಸೆಂಬರ್ ಬಂತೆಂದರೆ ಮಕ್ಕಳಿಗೆ ರಜೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮನೆಯಲ್ಲಿ ಒಂದೇ ರಾಗ: 'ಅಮ್ಮಾ, ಎಲ್ಲಾದ್ರೂ ಹೊರಗಡೆ ಊಟಕ್ಕೆ ಹೋಗೋಣ.' ದರ್ಶಿನಿಯ ಮಸಾಲೆ ದೋಸೆ, ನಾರ್ತ್ ಇಂಡಿಯನ್ ಹೋಟೆಲಿನ ಪನೀರ್ ಬಟರ್ ಮಸಾಲ ಈಗಿನ ಮಕ್ಕಳಿಗೆ 'ಸ್ಪೆಷಲ್' ಅಲ್ಲವೇ ಅಲ್ಲ. ಅವರಿಗೆ ಬೇಕಿರುವುದು ಪಾಸ್ತಾ, ಸೌದೆ ಒಲೆಯಲ್ಲಿ ಬೆಂದ ಪಿಜ್ಜಾ, ಕೊನೆಗೊಂದು ತಿರಾಮಿಸು. ನಿಮಗೂ ಒಳಗೊಳಗೇ ಖುಷಿ ತಾನೇ? ಗೌರಿ ಹಬ್ಬದಿಂದ ದೀಪಾವಳಿವರೆಗೆ ಒಲೆ ಮುಂದೆ ನಿಂತು ಸಾಕಾದವರಿಗೆ, ಒಂದು ರಾತ್ರಿಯಾದರೂ ಯಾರೋ ಬಡಿಸಿದ್ದನ್ನು ಕೂತು ಉಣ್ಣುವುದೇ ದೊಡ್ಡ ಸುಖ.

ಆದರೆ ಮೆನು ಕಾರ್ಡ್ ಕೈಗೆ ಬಂದ ಕೂಡಲೇ ಶುರುವಾಗುತ್ತೆ ನೋಡಿ ಫಜೀತಿ! ಅರ್ಧಕ್ಕರ್ಧ ಹೆಸರು ಅರ್ಥವಾಗುವುದಿಲ್ಲ. ವೇಟರ್‌ನನ್ನು ಕೇಳೋಣವೆಂದರೆ 'ಏನಂದುಕೊಳ್ಳುತ್ತಾನೋ' ಎಂಬ ಸಂಕೋಚ. ಬೆರಳಿಟ್ಟು ತೋರಿಸಿ 'ಇದು ಒಂದು, ಅದು ಒಂದು' ಎಂದು ಹೇಳಿ ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಿದ್ದಕ್ಕೆ ನಾನು ತೆತ್ತ ಬೆಲೆಯನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಚಮಚದ ಕಥೆ

ಮಗಳು ಕೆಲಸಕ್ಕೆ ಸೇರಿದ ವರ್ಷ, ಮೊದಲ ಸಂಬಳದಲ್ಲಿ ಎಲ್ಲರಿಗೂ ಕ್ರಿಸ್‌ಮಸ್ ರಜೆಯ ಊಟ ಕೊಡಿಸುತ್ತೇನೆಂದು ಹಟ ಹಿಡಿದಳು. ಮಾವನವರು ಹೋದ ಮೇಲೆ ಅತ್ತೆ ಹೊರಗಿನ ಊಟವನ್ನೇ ಬಿಟ್ಟಿದ್ದರು. ಮೊಮ್ಮಗಳ ಮಾತಿಗೆ ಇಲ್ಲವೆನ್ನಲಾಗದೆ ಹೊರಟರು, ಬೀರುವಿನಿಂದ ಒಳ್ಳೆ ಸೀರೆ ತೆಗೆದು ಉಟ್ಟುಕೊಂಡು. ಪಿಜ್ಜಾ ಅವರ ಹಲ್ಲಿಗೆ ಆಗುವುದಿಲ್ಲ. 'ರಿಸೊಟ್ಟೊ ಅಂದ್ರೆ ಅನ್ನದ್ದೇ ಅಲ್ವಾ, ಮೆತ್ತಗಿರುತ್ತೆ' ಎಂದು ನಾನೇ ಅಣಬೆಯ ರಿಸೊಟ್ಟೊ ತರಿಸಿದೆ. ಅದರ ಮುಂದೆ ಹಸಿರು ಚುಕ್ಕೆ ಇರಲಿಲ್ಲ. ನಾನು ಗಮನಿಸಲಿಲ್ಲ, ಕೇಳಲೂ ಇಲ್ಲ.

ಅತ್ತೆ ನಾಲ್ಕೈದು ಚಮಚ ತಿಂದು 'ರುಚಿಯಾಗಿದೆ ಕಣೇ' ಎಂದೂ ಅಂದರು. ಅಷ್ಟರಲ್ಲಿ ಮಗಳಿಗೆ ಏನನ್ನಿಸಿತೋ, ವೇಟರ್‌ನನ್ನು ಕರೆದು ಕೇಳಿದಳು. 'ಚಿಕನ್ ಸ್ಟಾಕ್‌ನಲ್ಲೇ ಮಾಡೋದು ಮೇಡಂ' ಎಂದ ಅವನು, ಸಹಜವಾಗಿ. ಮಗಳ ಮುಖ ಬಿಳಿಚಿಕೊಂಡಿತು. ಅತ್ತೆ ಚಮಚವನ್ನು ಸದ್ದಾಗದಂತೆ ಕೆಳಗಿಟ್ಟು ನೀರು ಕುಡಿದು, 'ಗೊತ್ತಿಲ್ಲದೆ ತಿಂದದ್ದಕ್ಕೆ ದೋಷ ಇಲ್ಲಮ್ಮಾ, ನೀನು ಊಟ ಮಾಡು' ಎಂದರು. ಆ ರಾತ್ರಿ ಹನ್ನೊಂದು ಗಂಟೆಗೆ, ಡಿಸೆಂಬರ್ ಚಳಿಯಲ್ಲಿ, ಬಚ್ಚಲಿನಿಂದ ನೀರಿನ ಸದ್ದು. ನಮಗೆ ಕೇಳಿಸದಿರಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ತಲೆಗೆ ಸ್ನಾನ ಮಾಡುತ್ತಿದ್ದರು.

ತಪ್ಪು ಹೋಟೆಲಿನವರದ್ದೂ ಇತ್ತು, ನಿಜ. ಆದರೆ ಒಂದೇ ಒಂದು ಪ್ರಶ್ನೆ ಕೇಳದ ತಪ್ಪು ನನ್ನದು. ನಿಮಗೆ ಹಾಗಾಗದಿರಲಿ ಎಂದೇ ಈ ಲೇಖನ.

ಇಟಲಿಯ ಅಜ್ಜಿಯೂ ಅಡುಗೆಮನೆಯಲ್ಲೇ!

ಒಂದು ತಮಾಷೆ ಗೊತ್ತಾ? ಇಟಲಿಯಲ್ಲಿ ಕ್ರಿಸ್‌ಮಸ್ ಊಟ ಹೆಚ್ಚಾಗಿ ಮನೆಯದ್ದೇ. 'ಕ್ರಿಸ್‌ಮಸ್ ಮನೆಯವರ ಜೊತೆ, ಈಸ್ಟರ್ ಬೇಕಾದವರ ಜೊತೆ' ಎಂಬ ಗಾದೆಯೇ ಅಲ್ಲಿದೆ. ಅಂದರೆ ಅಲ್ಲಿನ ಅಜ್ಜಿ, ಅಮ್ಮಂದಿರ ಹಬ್ಬವೂ ನಮ್ಮಂತೆ ಒಲೆ ಮುಂದೆಯೇ ಕಳೆಯುತ್ತದೆ. ಡಿಸೆಂಬರ್ 24ರ ರಾತ್ರಿ ಅನೇಕ ಮನೆಗಳಲ್ಲಿ ಮಾಂಸ ನಿಷಿದ್ಧ, ಮೀನಿನ ಅಡುಗೆ ನಡೆಯುತ್ತದೆ. ಮರುದಿನ ಬೊಲೊನ್ಯಾ ಕಡೆ ಮಾಂಸದ ಸಾರಿನಲ್ಲಿ ತೇಲುವ ಪುಟ್ಟ ಕಡುಬಿನಂಥ ತೊರ್ತೆಲ್ಲಿನಿ. ಮಿಲಾನ್‌ನ ಪನೆತ್ತೋನೆ ಎಂಬ ಒಣದ್ರಾಕ್ಷಿ ಬ್ರೆಡ್ ಈಗ ನಮ್ಮ ಬೆಂಗಳೂರಿನ ಬೇಕರಿಗಳಲ್ಲೂ ಕಾಣುತ್ತದೆ. ಅದರಲ್ಲಿ ಮೊಟ್ಟೆ ಇರುತ್ತದೆ, ನೆನಪಿರಲಿ.

ಡಿಸೆಂಬರ್ 31ರ ರಾತ್ರಿ ಅವರು ತಪ್ಪದೆ ತಿನ್ನುವುದು ಏನು ಹೇಳಿ? ನಮ್ಮ ಇಡೀ ಮಸೂರದಂಥ ಕಾಳು! ನಾಣ್ಯದ ಆಕಾರ ಇರುವುದರಿಂದ ತಿಂದಷ್ಟೂ ಹೊಸ ವರ್ಷದಲ್ಲಿ ದುಡ್ಡು ಬರುತ್ತದೆಂಬ ನಂಬಿಕೆ. ನಮಗೆ ಯುಗಾದಿಯ ಬೇವು ಬೆಲ್ಲ ಇದ್ದ ಹಾಗೆ. ಆದರೆ ಅದರ ಜೊತೆ ಹಂದಿಮಾಂಸದ ಸಾಸೇಜ್ ಬಡಿಸುವುದು ವಾಡಿಕೆ. 'ಕಾಳಲ್ವಾ' ಎಂದು ನನ್ನಂತೆ ಮೋಸಹೋಗಬೇಡಿ.

ಸಸ್ಯಾಹಾರಿಗಳೇ, ಇಲ್ಲಿ ಗಮನಿಸಿ

ಹೆಸರಿನಲ್ಲಿ ತರಕಾರಿ ಇದ್ದ ಮಾತ್ರಕ್ಕೆ ಸಸ್ಯಾಹಾರವಲ್ಲ.

ರಿಸೊಟ್ಟೊ, ಸೂಪ್: ರಿಸೊಟ್ಟೊ ಅಂದರೆ ಆರ್ಬೋರಿಯೊದಂಥ ದಪ್ಪ ಅಕ್ಕಿಗೆ ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ ಕೈಯಾಡಿಸಿ ಮಾಡುವ ಅಡುಗೆ. ಹದ ಹೆಚ್ಚುಕಮ್ಮಿ ನಮ್ಮ ಬಿಸಿಬೇಳೆಬಾತ್‌ನದೇ. ಆ ಸಾರು ತರಕಾರಿಯದೋ ಕೋಳಿಯದೋ ಕೇಳಲೇಬೇಕು. ಮಿನೆಸ್ಟ್ರೋನೆ ಎಂಬ ತರಕಾರಿ ಸೂಪಿಗೂ ಇದೇ ಪ್ರಶ್ನೆ.

ಪಾಸ್ತಾ: ಪ್ಯಾಕೆಟ್‌ನಲ್ಲಿ ಬರುವ ಒಣ ಸ್ಪಾಗೆಟ್ಟಿ, ಪೆನ್ನೆ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರಿನಿಂದಷ್ಟೇ ಆಗಿರುತ್ತವೆ. 'ಫ್ರೆಶ್ ಪಾಸ್ತಾ' ಎಂದು ಹೆಮ್ಮೆಯಿಂದ ಬರೆದಿದ್ದರೆ ಎಚ್ಚರ. ತಾಲ್ಯಾತೆಲ್ಲೆ, ರವಿಯೋಲಿ, ಲಸಾನ್ಯಾಗಳ ಹಿಟ್ಟನ್ನು ಮೊಟ್ಟೆ ಹಾಕಿಯೇ ಕಲಸುವುದುಂಟು.

ಚೀಸ್: ಅಸಲಿ ಪಾರ್ಮಿಜಾನೊ ರೆಜ್ಜಾನೊವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರು 'ಮೇಲೆ ಚೀಸ್ ಉದುರಿಸಬೇಡಿ' ಎಂದು ಹೇಳಬಹುದು. ಹಸಿರು ಚುಕ್ಕೆಯ ಪ್ಯಾಕೆಟ್ ಚೀಸ್‌ಗಳಲ್ಲಿ ಪ್ರಾಣಿಮೂಲದ ರೆನೆಟ್ ಇರುವುದಿಲ್ಲ. ಅಡುಗೆಗೆ ಯಾವ ಚೀಸ್ ಬಳಸುತ್ತಾರೆಂದು ಕೇಳಿದರೆ ಆಯಿತು.

ಸಿಹಿ: ತಿರಾಮಿಸುವಿನಲ್ಲಿ ಕಾಫಿ, ಮಸ್ಕರ್ಪೋನೆ ಚೀಸ್ ಜೊತೆಗೆ ಮೊಟ್ಟೆ ಇರುತ್ತದೆ. ಎಷ್ಟೋ ಕಡೆ ರಮ್ ಅಥವಾ ಮಾರ್ಸಾಲಾ ವೈನ್ ಕೂಡ. ಮಕ್ಕಳಿಗೆ ಕೊಡುವ ಮುನ್ನ ಕೇಳಿ. ಬೆಳ್ಳಗೆ ಮುದ್ದಾಗಿ ಅಲುಗಾಡುವ ಪನ್ನಾ ಕೋತ್ತಾವನ್ನು ಗಟ್ಟಿ ಮಾಡುವುದು ಜೆಲಾಟಿನ್, ಅದೂ ಪ್ರಾಣಿಮೂಲದ್ದು. ಹಣ್ಣಿನ ಸೋರ್ಬೆತ್ತೊದಲ್ಲಿ ಸಾಮಾನ್ಯವಾಗಿ ಹಾಲು, ಮೊಟ್ಟೆ ಎರಡೂ ಇರುವುದಿಲ್ಲ.

ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೆ: ದಾರಿ ಇದೆ, ಗಾಬರಿ ಬೇಡ. ಟೊಮೆಟೊ, ಮೊಝರೆಲ್ಲಾ, ಬೇಸಿಲ್ ಎಲೆ ಜೋಡಿಸಿದ ಕಪ್ರೇಸೆ ಸಲಾಡ್‌ನಲ್ಲಿ ಎರಡೂ ಇಲ್ಲ. ಬರೀ ಬೆಣ್ಣೆ, ಕರಿಮೆಣಸು ಹಾಕಿದ ಪಾಸ್ತಾ ಮಾಡಿಕೊಡಿ ಎನ್ನಿ. ನೇಪಲ್ಸ್‌ನ ಅಸಲಿ ಮಾರ್ಗರೀಟಾ ಪಿಜ್ಜಾಕ್ಕೆ ಹಚ್ಚುವುದು ಉಪ್ಪು ಹಾಕಿ ಹಿಸುಕಿದ ಟೊಮೆಟೊ ಮಾತ್ರ. ಆದರೆ ನಮ್ಮಲ್ಲಿ ಸಾಸ್ ಮೊದಲೇ ಬೆಳ್ಳುಳ್ಳಿ ಹಾಕಿ ಕುದಿಸಿಟ್ಟಿರಬಹುದು. ಪೆಸ್ಟೊದಲ್ಲಂತೂ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಇನ್ನೊಂದು ಮಾತು: ದಿನ ಗೊತ್ತುಮಾಡುವ ಮುನ್ನ ಪಂಚಾಂಗ ನೋಡಿಬಿಡಿ. ಧನುರ್ಮಾಸವಾದ್ದರಿಂದ ವೈಕುಂಠ ಏಕಾದಶಿ ಈ ರಜೆಯಲ್ಲೇ ಬರುವುದುಂಟು. 2020ರಲ್ಲಿ ಕ್ರಿಸ್‌ಮಸ್ ದಿನವೇ ಬಂದಿತ್ತು!

ಪರ್ಸಿನ ಕಡೆಯೂ ಒಂದು ಕಣ್ಣಿರಲಿ

ಡಿಸೆಂಬರ್ 24, 25 ಮತ್ತು 31ರಂದು ಹಲವು ಕಡೆ ಮಾಮೂಲಿ ಮೆನು ಇರುವುದಿಲ್ಲ. ತಲೆಗಿಷ್ಟು ಎಂದು 'ಸೆಟ್ ಮೆನು' ಇಡುತ್ತಾರೆ. ಎರಡು ಚಮಚ ತಿನ್ನುವ ಅಜ್ಜಿಗೂ, ಬ್ರೆಡ್ ಮಾತ್ರ ಕಚ್ಚುವ ಮಗುವಿಗೂ ಪೂರ್ತಿ ದುಡ್ಡು! ಅದರ ಬದಲು 26ರಿಂದ 30ರೊಳಗೆ ಹೋದರೆ ಬೇಕಾದ್ದನ್ನಷ್ಟೇ ತರಿಸಬಹುದು, ಗದ್ದಲವೂ ಕಡಿಮೆ.

ಇಟಲಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಿಜ್ಜಾ. ನಾವು ಹಾಗೇ ಮಾಡಬೇಕೆಂದೇನಿಲ್ಲ. ನಾಲ್ವರಿಗೆ ಒಂದು ಸಲಾಡ್, ಒಂದು ಪಿಜ್ಜಾ, ಎರಡು ಬಗೆ ಪಾಸ್ತಾ ತರಿಸಿ ಹಂಚಿಕೊಳ್ಳಿ. ಸಾಲದಿದ್ದರೆ ಮತ್ತೆ ಹೇಳಿದರಾಯಿತು. ಕೂತ ಕೂಡಲೇ 'ಮಿನರಲ್ ವಾಟರ್?' ಎಂದು ಕೇಳುತ್ತಾರೆ. 'ರೆಗ್ಯುಲರ್ ವಾಟರ್ ಕೊಡಿ' ಎನ್ನಲು ನಾಚಿಕೆ ಬೇಡ.

ಬಿಲ್ ಬಂದಾಗ ಯಜಮಾನರ ಕೈಗೆ ದಾಟಿಸುವ ಮುನ್ನ ನೀವೂ ಒಮ್ಮೆ ಓದಿ. ಸಾಮಾನ್ಯ ರೆಸ್ಟೋರೆಂಟ್‌ಗಳಲ್ಲಿ ಜಿಎಸ್‌ಟಿ ಶೇ. 5. ದುಬಾರಿ ಸ್ಟಾರ್ ಹೋಟೆಲುಗಳ ಒಳಗಿನ ರೆಸ್ಟೋರೆಂಟ್‌ಗಳಲ್ಲಿ ಶೇ. 18. ಇದು ಕಟ್ಟಲೇಬೇಕಾದ ತೆರಿಗೆ. ಆದರೆ 'ಸರ್ವಿಸ್ ಚಾರ್ಜ್' ತೆರಿಗೆಯಲ್ಲ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ನಿಮ್ಮ ಕೈಯಾರೆ ಟಿಪ್ಸ್ ಕೊಡಿ, ಅದು ನಿಮ್ಮ ಖುಷಿ.

ಫೋನ್‌ನಲ್ಲಿ ಕೇಳಬೇಕಾದ ಆರು ಪ್ರಶ್ನೆಗಳು

ಊಟದ ಹೊತ್ತಿನಲ್ಲಿ ಅಡುಗೆಯವರಿಗೆ ಪುರುಸೊತ್ತಿರುವುದಿಲ್ಲ. ಹಿಂದಿನ ದಿನ ಸಂಜೆ ನಾಲ್ಕರ ಸುಮಾರಿಗೆ ಫೋನ್ ಮಾಡಿ.

1. ಆ ದಿನ ಸೆಟ್ ಮೆನುವೋ, ಮಾಮೂಲಿ ಮೆನುವೋ? ಹೇಳುವ ದರದಲ್ಲಿ ತೆರಿಗೆ ಸೇರಿದೆಯೋ?

2. ಮಕ್ಕಳಿಗೆ, ಹಿರಿಯರಿಗೆ ಬೇರೆ ದರ ಇದೆಯೋ?

3. ರಿಸೊಟ್ಟೊ, ಸೂಪಿಗೆ ಯಾವ ಸ್ಟಾಕ್? ತರಕಾರಿಯದರಲ್ಲಿ ಮಾಡಿಕೊಡುತ್ತೀರಾ?

4. ಮೊಟ್ಟೆ, ಮದ್ಯ, ಜೆಲಾಟಿನ್ ಇಲ್ಲದ ಸಿಹಿ ಯಾವುದಿದೆ?

5. ಮೆಟ್ಟಿಲು ಹತ್ತಬೇಕೋ? ಎ.ಸಿ. ಗಾಳಿ ನೇರ ಬೀಸದ, ಒರಗುವ ಕುರ್ಚಿ ಇರುವ ಟೇಬಲ್ ಸಿಗುತ್ತದೆಯೋ?

6. ಬರಲಾಗದಿದ್ದರೆ ಮುಂಗಡ ವಾಪಸ್ ಬರುತ್ತದೆಯೋ?

ಹೆಸರು ಹೇಳಲು ಬಾರದಿದ್ದರೂ ಚಿಂತೆಯಿಲ್ಲ. ಆಲೂಗೆಡ್ಡೆಯ ಉಂಡೆಗೆ 'ನ್ಯೋಕ್ಕಿ', ಸುಟ್ಟ ಬ್ರೆಡ್ಡಿಗೆ 'ಬ್ರುಸ್ಕೆತ್ತಾ' ಎನ್ನಬೇಕೆಂದು ಮಗಳು ನನಗೆ ಹೇಳಿಕೊಟ್ಟಿದ್ದು. ತಪ್ಪು ಹೇಳಿದರೆ ಯಾರೂ ನಗುವುದಿಲ್ಲ. ಪಾಸ್ತಾ ಹಲ್ಲಿಗೆ ಗಟ್ಟಿ ಎನಿಸಿದರೆ ಅದು ಬೇಯದ್ದಲ್ಲ, ಅವರ ಹದವೇ ಅದು. ಹಿರಿಯರಿಗೆ 'ಇನ್ನಷ್ಟು ಮೆತ್ತಗೆ ಬೇಯಿಸಿ' ಎಂದು ಮೊದಲೇ ಹೇಳಿದರಾಯಿತು.

ಮತ್ತೆ ಹೋದೆವು!

ಮರುವರ್ಷ ಡಿಸೆಂಬರ್ ಬಂದಾಗ ಮಗಳು ಊಟದ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಿದವರು ಅತ್ತೆ! 'ಪಾಪ, ಮಗು ಆಸೆಪಟ್ಟು ಕರ್ಕೊಂಡು ಹೋಗಿತ್ತು. ಈ ಸಲ ಸರಿಯಾಗಿ ಕೇಳ್ಕೊಂಡು ಹೋಗೋಣ ಬಾರೇ' ಎಂದರು. ಬೇರೊಂದು ಕಡೆಗೆ ಫೋನ್ ಮಾಡಿದೆ. ಅಡುಗೆಯವರೇ ಮಾತಿಗೆ ಬಂದು, 'ಅಜ್ಜಿಗೆ ಬೇರೆ ಬಾಣಲೆಯಲ್ಲಿ ಮಾಡಿಕೊಡ್ತೀನಿ ಮೇಡಂ' ಎಂದರು. ನಾನು ಅಷ್ಟು ದಿನ ಹೆದರಿದ್ದ ಮಾತುಕತೆ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ.

ಕಪ್ರೇಸೆ ಬಂದಾಗ ಅತ್ತೆ ಬೇಸಿಲ್ ಎಲೆಯೊಂದನ್ನು ಎತ್ತಿ ಮೂಸಿ ನೋಡಿದರು. 'ಅಯ್ಯೋ, ಇದು ನಮ್ಮ ಕಾಮಕಸ್ತೂರಿ ಕಣೇ! ತವರಿನ ಹಿತ್ತಲಲ್ಲಿ ಇತ್ತು.' ನಿಜ, ಎರಡೂ ಒಂದೇ ಗಿಡ. ಆಮೇಲೆ ಬೆಣ್ಣೆ ಪಾಸ್ತಾವನ್ನು ನಿಧಾನವಾಗಿ, ಪೂರ್ತಿ ತಿಂದರು. ಮಗಳು ಅವರ ತಟ್ಟೆಯನ್ನೇ ನೋಡುತ್ತಿದ್ದಳು.

ಆ ರಾತ್ರಿ ಬಚ್ಚಲಿನಿಂದ ಯಾವ ಸದ್ದೂ ಬರಲಿಲ್ಲ. ಈ ರಜೆಯಲ್ಲಿ ನೀವೂ ಹೋಗಿ ಬನ್ನಿ. ಹೋಗುವ ಮುನ್ನ ಒಂದು ಫೋನ್ ಮಾಡಿ, ಅಷ್ಟೇ!